ಸೋದರಳಿಯ ಕೇಳಿದ್ದು

ಒತೆಗೆನ್ ಕೆಟ್ಟವನು ಎಂದು ನನ್ನೆದುರು ಯಾರಾದರೂ ಅಂದರೆ ಸೌಟಿನಲ್ಲೇ ಬಾರಿಸುತ್ತೇನೆ. ಹಾಗಂತ ನಮ್ಮೂರು ಕೊಸ್ಕುದುಕ್ ಹಾಳಾದದ್ದು ಅವನ ಬಾಯಿಂದ ಬಂದ ಒಂದು ಮಾತಿನಿಂದ ಅನ್ನುವುದನ್ನು ಮುಚ್ಚಿಡುವವಳೂ ನಾನಲ್ಲ. ಎರಡೂ ನಿಜ. ಎರಡನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಇಷ್ಟು ದಿನ ಇದ್ದೆ, ಇನ್ನು ನನ್ನಿಂದಾಗದು.

ನಾನು ಬಲ್ಜನ್. ಎಣ್ಣೆ ಬಾವಿಯವರ ಕ್ಯಾಂಟೀನಿನಲ್ಲಿ ಅಡುಗೆ ಮಾಡಿ ಮಾಡಿ ಕೈ ಸವೆಸಿದವಳು. ಒತೆಗೆನ್ ಮತ್ತು ನಾನು ಒಂದೇ ಬೆಂಚಿನಲ್ಲಿ ಕೂತು ಓದಿದವರು. ಮದುವೆಗಳಾದ ಮೇಲೆ ಸರ್ಕಾರ ಕಟ್ಟಿಕೊಟ್ಟ ಜೋಡಿಮನೆಯಲ್ಲಿ ಒಂದು ಪಾಲು ಅವನಿಗೆ ಬಂತು, ಇನ್ನೊಂದು ನಮಗೆ. ನಡುವೆ ಒಂದೇ ಗೋಡೆ. ಅವರು ಗಂಡ ಹೆಂಡತಿ ಜಗಳವಾಡಿದರೆ ನಾನು ಈ ಕಡೆಯಿಂದ ಗೋಡೆ ಕುಟ್ಟುತ್ತಿದ್ದೆ, ಅವನ ಹೆಂಡತಿ ಆ ಕಡೆಯಿಂದ "ನೀನೇ ಹೇಳೇ ಬಲ್ಜನ್, ತಪ್ಪು ಯಾರದು?" ಎಂದು ಕೂಗುತ್ತಿದ್ದಳು. ಅವಳು ತೀರಿಕೊಂಡಳು, ನನ್ನ ಯಜಮಾನರೂ ಹೋದರು. ಆಮೇಲೆ ಒತೆಗೆನ್‌ನ ಅಡುಗೆಯೂ ನನ್ನ ಒಲೆಯ ಮೇಲೇ ಆಗತೊಡಗಿತು. ನಮ್ಮೂರಿನಲ್ಲಿ ಟ್ರ್ಯಾಕ್ಟರ್ ಓಡಿಸುವ ಸಾಬಿರ್ ಅಂತ ಒಬ್ಬ ಬಾಯಿಬಡುಕನಿದ್ದಾನೆ, ಅವನು ಅದಕ್ಕೂ ಒಂದು ಕಥೆ ಕಟ್ಟಿದ್ದ. ಕಟ್ಟಿಕೊಳ್ಳಲಿ.

ಒತೆಗೆನ್ ವೆಲ್ಡಿಂಗ್ ಕೆಲಸದವನು. ಮಾತು ಕಡಿಮೆ, ಕೆಲಸ ಗಟ್ಟಿ. ಸೋವಿಯತ್ ಕಾಲದಲ್ಲಿ, ಅವನಿಗಿನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ, ಒಂದು ದಿನ ಬಾವಿಗಳ ಮುಖ್ಯಸ್ಥನ ಮುಂದೆ ಹೋಗಿ ನಿಂತನಂತೆ. ಎಣ್ಣೆಯ ಜೊತೆ ನೆಲದಿಂದ ಏಳುವ ಗ್ಯಾಸನ್ನು ಆಗ ಒಂದು ಎತ್ತರದ ಕೊಳವೆಯ ತುದಿಯಲ್ಲಿ ಹಚ್ಚಿ ಸುಮ್ಮನೆ ಸುಟ್ಟುಬಿಡುತ್ತಿದ್ದರು. "ನಮ್ಮಮ್ಮ ಈ ಚಳೀಲಿ ಒಂಟೆ ಸಗಣಿ ಆರಿಸ್ಕೊಂಡು ಬಂದು ಒಲೆ ಹಚ್ತಾಳೆ. ನೀವು ಇಲ್ಲಿ ಆಕಾಶಕ್ಕೆ ಬೆಂಕಿ ಕಾಯಿಸ್ತಿದೀರಿ" ಎಂದನಂತೆ. ಆ ಮುಖ್ಯಸ್ಥ ರಷ್ಯಾದವನು, ಒಳ್ಳೆಯ ಮನುಷ್ಯ. ನಕ್ಕು, ಅಂಗಳದಲ್ಲಿ ತುಕ್ಕು ಹಿಡಿದು ಬಿದ್ದಿರುವ ಪೈಪುಗಳನ್ನು ತೆಗೆದುಕೋ, ಭಾನುವಾರಗಳಲ್ಲಿ ನೀನೇ ಬೆಸೆದುಕೋ ಎಂದ. ಒತೆಗೆನ್ ತನ್ನ ಜೊತೆಯ ಹುಡುಗರನ್ನು ಕಟ್ಟಿಕೊಂಡು, ರಜೆಯ ದಿನಗಳನ್ನೆಲ್ಲ ಅದಕ್ಕೇ ಸುರಿದು, ಬಾವಿಯಿಂದ ಊರಿನವರೆಗೆ ಪೈಪು ಎಳೆದ. ಮೊದಲು ಶಾಲೆಗೆ ಗ್ಯಾಸು ಬಂತು, ಆಮೇಲೆ ಮನೆ ಮನೆಗೆ. ನನ್ನ ಅತ್ತೆ ಜನ್ಮವಿಡೀ ಹೊಗೆ ಕುಡಿದವಳು. ಮೊದಲ ಸಲ ನೀಲಿ ಉರಿ ಕಂಡಾಗ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಗಳಗಳ ಅತ್ತಳು. ಒತೆಗೆನ್‌ನನ್ನು ಕರೆದು ತಲೆ ಮುಟ್ಟಿ ಹರಸಿದಳು. ಅಂದಿನಿಂದ ಕೊಸ್ಕುದುಕ್‌ನಲ್ಲಿ ಚಳಿಗಾಲ ಎಂದರೆ ಯಾರೂ ಹೆದರುತ್ತಿರಲಿಲ್ಲ.

ದೇಶ ಒಡೆಯಿತು. ಬಾವಿಗಳಿಗೆ ಹೊಸ ಹೊಸ ಯಜಮಾನರು ಬಂದರು. ಬಾಗಿಲ ಮೇಲಿನ ಬೋರ್ಡು ಎಷ್ಟು ಸಲ ಬದಲಾಯಿತೋ, ಆ ಹೆಸರುಗಳನ್ನು ನೆನಪಿಡುವ ಉಸಾಬರಿಯೇ ಬೇಡ ಎಂದು ನಾವೆಲ್ಲ ಬರೀ ಕಂಪನಿ ಅನ್ನುತ್ತಿದ್ದೆವು. ಪ್ರತಿ ಸಲ ಹೊಸಬರು ಬಂದಾಗ ಒಂದು ಕುರಿ ಕೊಯ್ಯುತ್ತಿದ್ದೆವು. ಪ್ರತಿ ಸಲ ಒತೆಗೆನ್ ಹೋಗಿ "ಊರಿನ ಪೈಪು ಹಾಗೇ ಇರ್ಲಿ" ಅನ್ನುತ್ತಿದ್ದ, ಅವರು ಕುರಿಯ ಮಾಂಸ ತಿನ್ನುತ್ತಾ "ಇರ್ಲಿ, ಇರ್ಲಿ" ಅನ್ನುತ್ತಿದ್ದರು.

ಕೊನೆಗೆ ಬಂದ ಕಂಪನಿಯ ಆಫೀಸಿನಲ್ಲಿ ಒಂದು ದೊಡ್ಡ ನಕ್ಷೆ ಇತ್ತು. ಚಹಾ ತೆಗೆದುಕೊಂಡು ಹೋದಾಗಲೆಲ್ಲ ನೋಡುತ್ತಿದ್ದೆ. ಉಕ್ರೇನಿನಲ್ಲಿ ಒಂದು ಗುಂಡುಸೂಜಿ, ಜಾರ್ಜಿಯಾದ ಬೆಟ್ಟಗಳಲ್ಲಿ ಒಂದು, ತುರ್ಕ್‌ಮೆನ್‌ರ ಕಡಲ ದಂಡೆಯಲ್ಲಿ ಒಂದೆರಡು, ಇಲ್ಲಿ ನಾವು. ನನಗೆ ನಗು ಬರುತ್ತಿತ್ತು. ಒಂದು ಕಾಲಕ್ಕೆ ನಾವೆಲ್ಲ ಒಂದೇ ದೇಶದವರು. ಜಗಳವಾಡಿ, ಗಡಿ ಹಾಕಿಕೊಂಡು, ಬೇರೆ ಬೇರೆ ದುಡ್ಡು ಅಚ್ಚು ಹಾಕಿಸಿಕೊಂಡೆವು. ಈಗ ನೋಡಿದರೆ ಯಾರದೋ ಗೋಡೆಯ ಮೇಲೆ ಮತ್ತೆ ಒಟ್ಟಿಗೆ ನೇತಾಡುತ್ತಿದ್ದೇವೆ. ಆ ಸೂಜಿಗಳನ್ನು ಅವರು ಆಸ್ತಿ ಎನ್ನುತ್ತಿದ್ದರು. ಈ ಆಸ್ತಿ, ಆ ಆಸ್ತಿ. ನಾನು ನಲವತ್ತು ಜನಕ್ಕೆ ಸಾರು ಬೇಯಿಸುತ್ತಿದ್ದ ಜಾಗ ಒಬ್ಬರ ಆಸ್ತಿ ಎಂದು ನನಗೆ ಗೊತ್ತಾದದ್ದೇ ಆ ಗೋಡೆ ನೋಡಿ.

ಎಣ್ಣೆಯ ಬೆಲೆ ಬಿದ್ದ ವರ್ಷ ಸೂಜಿಗಳು ಒಂದೊಂದಾಗಿ ಮಾಯವಾಗತೊಡಗಿದವು. ಮೊದಲು ಜಾರ್ಜಿಯಾ ಹೋಯಿತು, ಆಮೇಲೆ ಉಕ್ರೇನು. ಮುಂದಿನದು ನಾವು ಎಂದು ಮಿರಾಸ್ ಹೇಳಿದ.

ಮಿರಾಸ್ ಯಾರು ಎಂದು ಹೇಳಬೇಕು. ಒತೆಗೆನ್‌ನ ಒಬ್ಬಳೇ ತಂಗಿ ಕಮ್ಶಾತ್‌ನ ಮಗ. ಅವಳನ್ನು ಎಂಬಾ ನದಿಯ ಆಚೆ ದೂರದ ಊರಿಗೆ ಕೊಟ್ಟಿದ್ದರು. ಪಾಪ, ಚಿಕ್ಕ ವಯಸ್ಸಿಗೇ ಹೋಗಿಬಿಟ್ಟಳು. ಅವಳ ಮಗ ಶಾಲೆಗೆ ರಜೆ ಬಂದರೆ ಸಾಕು, ಸೋದರಮಾವನ ಮನೆಗೇ. ಆ ಕಾಲದಲ್ಲಿ ಅವನು ನಮ್ಮ ಕೋಳಿಗಳಿಗೆ ಬಣ್ಣ ಬಳಿದ, ನನ್ನ ಒಗೆದ ಬಟ್ಟೆಗಳನ್ನು ಒಂಟೆಗೆ ತೊಡಿಸಿದ. ನಾನು ಪೊರಕೆ ಹಿಡಿದು ಹೋದರೆ ಒತೆಗೆನ್ ಬಾಗಿಲಿಗೆ ಅಡ್ಡ ನಿಂತು, "ತಂಗಿ ಮಗ ಕಣೇ, ಬಿಡೇ" ಎನ್ನುತ್ತಿದ್ದ. ಓದಿ ದೊಡ್ಡವನಾದ. ತೆಳ್ಳನೆಯ ಬೂಟು, ಕೊರಳಿಗೆ ಕಂಪನಿಯ ಗುರುತಿನ ಬಿಲ್ಲೆ. ಜನರ ಜೊತೆ ಮಾತಾಡುವುದೇ ಅವನ ಕೆಲಸವಂತೆ. ಅದಕ್ಕೂ ಸಂಬಳ ಕೊಡುತ್ತಾರೆ ನೋಡಿ.

ಆ ಶರತ್ಕಾಲದಲ್ಲಿ ಅವನು ಕ್ಯಾಂಟೀನಿಗೆ ಬಂದು ಊರಿನವರನ್ನು ಕೂರಿಸಿಕೊಂಡು ಹೇಳಿದ. ಬಾವಿಗಳನ್ನು ಕೊಳ್ಳಲು ಯಾರೋ ಮುಂದೆ ಬಂದಿದ್ದಾರೆ. ಆದರೆ ಅವರಿಗೆ ಬಾಲವಿಲ್ಲದ ಆಸ್ತಿ ಬೇಕು.

"ಬಾಲ ಅಂದ್ರೆ?" ಎಂದ ಸಾಬಿರ್.

"ಊರಿಗೆ ಪುಕ್ಕಟೆ ಗ್ಯಾಸು ಕೊಡೋದು. ಆ ಪೈಪು ಮುಚ್ಚಿ ಕೊಡಿ ಅಂತಿದಾರೆ."

"ಅಂದ್ರೆ ನಾವು ಬಾಲ! ಏ ಬಲ್ಜನಕ್ಕ, ಕೇಳ್ಕೊಂಡ್ಯಾ, ಇಷ್ಟು ವರ್ಷ ನಾವು ತಲೆ ಅಂದ್ಕೊಂಡಿದ್ವಿ."

ಯಾರೂ ನಗಲಿಲ್ಲ. ಪೈಪು ಮುಚ್ಚಿದರೆ ಕೊಸ್ಕುದುಕ್‌ನಲ್ಲಿ ಚಳಿಗಾಲ ಕಳೆಯಲು ಆಗುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಸಗಣಿ ಆರಿಸೋಣವೆಂದರೆ ಈಗ ಅಷ್ಟು ಒಂಟೆಗಳೂ ಇಲ್ಲ. ಶಾಲೆ ಮುಚ್ಚುತ್ತದೆ, ಶಾಲೆ ಮುಚ್ಚಿದರೆ ಮಕ್ಕಳಿದ್ದವರು ಹೋಗುತ್ತಾರೆ, ಅವರು ಹೋದರೆ ಊರು ಮುಗಿಯಿತು. ಒಂದೇ ಒಂದು ದಾರಿ ಇತ್ತು. ಕಾನೂನಿನ ಪ್ರಕಾರ ಊರಿನವರ ಸಭೆ ಕರೆದು ಒಪ್ಪಿಗೆ ಕೇಳಬೇಕು. ಊರು ಒಪ್ಪದಿದ್ದರೆ ಜಿಲ್ಲೆಯ ಅಧಿಕಾರಿ ಸಹಿ ಹಾಕುವುದಿಲ್ಲ. ನಮ್ಮ ಕಡೆ ಸಭೆಯಲ್ಲಿ ಹಿರಿಯ ಮೊದಲು ಮಾತಾಡಬೇಕು; ಅವನು ಏನೆನ್ನುತ್ತಾನೋ ಅದನ್ನು ದಾಟಿ ಕಿರಿಯರು ಬಾಯಿ ಬಿಡುವುದಿಲ್ಲ. ನಮ್ಮೂರಿಗೆ ಹಿರಿಯ ಒತೆಗೆನ್.

ಅವನು ಚಹಾದ ಬಟ್ಟಲು ಕೆಳಗಿಟ್ಟು ಎಂದ: "ಮಿರಾಸ್, ನಿಮ್ಮೋರಿಗೆ ಹೇಳು. ನಾನಿರೋ ತನಕ ಆ ಪೈಪಿಗೆ ಯಾರೂ ಕೈ ಹಾಕೋ ಹಾಗಿಲ್ಲ."

ಅಬ್ಬ, ನಮ್ಮ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಎಲ್ಲರೂ ನಿಶ್ಚಿಂತೆಯಿಂದ ಮನೆಗೆ ಹೋದರು. ಮಿರಾಸ್ ಮಾತ್ರ ಮುಖ ಸಣ್ಣ ಮಾಡಿಕೊಂಡು ಜೀಪಿನಲ್ಲಿ ಬಹಳ ಹೊತ್ತು ಕೂತಿದ್ದ.

ಸಭೆಗೆ ಒಂದು ವಾರ ಇರುವಾಗ ಅವನು ಹೇಳಿಕಳಿಸಿದ: "ಮಾವ, ನನ್ನ ಹಕ್ಕು ಕೇಳೋಕೆ ಬರ್ತಿದೀನಿ."

ಇದು ನಮ್ಮವರ ಹಳೆಯ ಪದ್ಧತಿ. ಹೆಣ್ಣುಮಗಳನ್ನು ಕೊಟ್ಟು ಕಳಿಸಿದರೂ ತವರಿನಲ್ಲಿ ಅವಳದೊಂದು ಪಾಲು ಉಳಿದಿರುತ್ತದೆ. ಅವಳ ಮಗ ಬಂದು ಕೇಳಿದರೆ ಸೋದರಮಾವ ಇಲ್ಲ ಅನ್ನುವಂತಿಲ್ಲ. ಕುದುರೆ ಕೇಳಿದರೆ ಕುದುರೆ, ಒಂಟೆ ಕೇಳಿದರೆ ಒಂಟೆ. ಇಲ್ಲ ಎಂದವನು ತಂಗಿಯ ಪಾಲು ನುಂಗಿದವನು. ಈಗಿನ ಹುಡುಗರು ಇದನ್ನೆಲ್ಲ ಎಲ್ಲಿ ಮಾಡುತ್ತಾರೆ? ಒತೆಗೆನ್‌ಗೆ ಹಿಡಿಸಲಾರದಷ್ಟು ಹಿಗ್ಗು. ಗೋಡೆ ಕುಟ್ಟಿ ನನ್ನನ್ನು ಕರೆದ.

"ಬಲ್ಜನ್, ಅವನು ಕುದುರೆ ಕೇಳೋಕೇ ಬರ್ತಿರೋದು! ಚಿಕ್ಕಂದಿನಿಂದ ಅವನ ಕಣ್ಣು ನನ್ನ ಕುದುರೆಗಳ ಮೇಲೇ."

"ಆ ಕಂದು ಕುದುರೇನ? ರೇಸಲ್ಲಿ ಗೆದ್ದದ್ದನ್ನ? ನಿಂಗೇನು ತಲೆ ಕೆಟ್ಟಿದ್ಯಾ? ಪಟ್ಟಣದ ಮೂರನೇ ಮಹಡೀಲಿ ಕಟ್ಕೋತಾನಾ ಅದನ್ನ?"

"ಎಲ್ಲಾದ್ರೂ ಕಟ್ಕೊಳ್ಲಿ. ಕಮ್ಶಾತ್‌ಗೆ ನಾವು ಏನು ಕೊಟ್ಟು ಕಳಿಸಿದ್ವಿ ಹೇಳು. ಒಂದು ಪೆಟ್ಟಿಗೆ, ಹಾಸಿಗೆ. ಅಷ್ಟೇ."

ಇಡೀ ಊರನ್ನು ಊಟಕ್ಕೆ ಕರೆದ. ಕೊಬ್ಬಿದ ಕುರಿ ಕೊಯ್ದ. ನಾನು ಬೆಳಗಿನಿಂದ ಹಿಟ್ಟು ಲಟ್ಟಿಸಿ, ಮಾಂಸ ಬೇಯಿಸಿ, ಎಣ್ಣೆಯಲ್ಲಿ ಉಂಡೆ ಕರಿದು ಸೊಂಟ ಮುರಿದುಕೊಂಡೆ. ಒತೆಗೆನ್ ಕುದುರೆಯ ಮೈ ಉಜ್ಜಿ, ಹೊಸ ಹಗ್ಗ ಹಾಕಿ, ಬಾಗಿಲ ಮುಂದೆಯೇ ಕಟ್ಟಿದ. ಅಳಿಯ ಕೇಳುವಾಗ ಕಿಟಕಿಯಿಂದ ಕಾಣಲಿ ಅಂತ. ಆ ದಿನ ಅವನ ಮುಖ ನೋಡಬೇಕಿತ್ತು ನೀವು. ಮಗನ ಮದುವೆಯಾಗುತ್ತಿದೆಯೇನೋ ಅನ್ನಬೇಕು.

ಮಿರಾಸ್ ಬಂದ. ಕೈಯಲ್ಲಿ ಅಂಗಡಿಯ ಕೇಕು. ಹೊರಗೆ ಹಲ್ಲು ಕಟಕಟಿಸುವ ಚಳಿ, ಅವನ ಹಣೆಯಲ್ಲಿ ಬೆವರು. ಕುದುರೆಯ ಪಕ್ಕದಲ್ಲೇ ಹಾದು ಬಂದ, ತಿರುಗಿ ನೋಡಲಿಲ್ಲ.

ಎಲ್ಲರೂ ಮೇಜಿನ ಸುತ್ತ ಕೂತರು. ಹಿರಿಯನಿಗೆ ಸಲ್ಲುವ ಬೇಯಿಸಿದ ಕುರಿಯ ತಲೆಯನ್ನು ಒತೆಗೆನ್‌ನ ಮುಂದಿಟ್ಟೆ. ಅವನು ಬಿಸ್ಮಿಲ್ಲಾ ಅಂದು ಒಂದು ತುಂಡು ಕೊಯ್ದು ಮೊದಲು ಅಳಿಯನಿಗೇ ಕೊಟ್ಟ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಗಂಟಲು ಸರಿಮಾಡಿಕೊಂಡ.

"ಕೇಳೋ ಮಿರಾಸ್. ನಿಮ್ಮಮ್ಮನ ಪಾಲು ಈ ಮನೇಲಿ ಇನ್ನೂ ಇದೆ. ಏನು ಬೇಕಾದ್ರೂ ಕೇಳು. ಇಷ್ಟು ಜನದ ಮುಂದೆ ಹೇಳ್ತಿದೀನಿ, ಇಲ್ಲ ಅನ್ನಲ್ಲ."

"ಬೇಗ ಕೇಳೋ ಮಾರಾಯ, ಕುದುರೆಗೆ ಚಳಿ ಆಗ್ತಿದೆ!" ಎಂದ ಸಾಬಿರ್. ಮನೆಯೆಲ್ಲ ನಗು.

ಮಿರಾಸ್ ನಗಲಿಲ್ಲ. ಮಾಂಸದ ತುಂಡು ಅವನ ಕೈಯಲ್ಲೇ ಇತ್ತು.

"ಮಾವ, ನಂಗೆ ಕುದುರೆ ಬೇಡ."

"ಮತ್ತೇನೋ? ಒಂಟೆ ಬೇಕಾ?"

"ಶುಕ್ರವಾರ ಸಭೆ ಇದೆಯಲ್ಲ. ಅಲ್ಲಿ ನೀನು ಎದ್ದು ನಿಂತು 'ಆಗಲಿ' ಅನ್ಬೇಕು."

ಒತೆಗೆನ್‌ಗೆ ಅರ್ಥವಾಗದೇ ಇರಲಿಲ್ಲ. ಆದರೂ ಕೇಳಿದ: "ಏನಕ್ಕೆ ಆಗಲಿ ಅನ್ಬೇಕು?"

"ಪೈಪು ಮುಚ್ಚೋಕೆ."

ನನ್ನ ಮೈಯೆಲ್ಲ ಉರಿದುಹೋಯಿತು. "ಥೂ ನಿನ್ನ! ನಾನು ಲಟ್ಟಿಸಿದ್ದು ತಿಂದು ನನ್ನ ಒಲೆ ಆರಿಸೋಕೆ ಬಂದ್ಯೇನೋ? ಏಳೋ ಮೇಲೆ, ಎದ್ದು ಹೋಗೋ ಆಚೆ! ನಿಮ್ಮಮ್ಮ ಇದ್ದಿದ್ರೆ ನಿನ್ನ ಕಿವಿ ಹಿಂಡಿ..."

"ಬಲ್ಜನ್, ಸುಮ್ನಿರು" ಎಂದ ಒತೆಗೆನ್. "ಅವನು ನನ್ನ ಮನೆಗೆ ಬಂದಿದಾನೆ."

ಮಿರಾಸ್ ತಲೆ ತಗ್ಗಿಸಿಯೇ ಹೇಳಿದ. ಊರಿನ ಒಪ್ಪಿಗೆ ತರದಿದ್ದರೆ ಅವನನ್ನು ಕೆಲಸದಿಂದ ತೆಗೆಯುತ್ತಾರಂತೆ. ಎರಡು ಸಣ್ಣ ಮಕ್ಕಳು, ಹೆಂಡತಿಗೆ ಕೆಲಸವಿಲ್ಲ. "ನಾನಲ್ದಿದ್ರೆ ಇನ್ನೊಬ್ಬ ಬರ್ತಾನೆ ಮಾವ. ಹೇಗಾದ್ರೂ ಮುಚ್ಚೇ ಮುಚ್ತಾರೆ. ನಾನಾದ್ರೆ ಮನೆಮನೆಗೂ ಕಲ್ಲಿದ್ದಲು ಕೊಡಿಸ್ತೀನಿ, ಒಪ್ಪಿಸಿದೀನಿ. ಇನ್ನೊಬ್ಬ ಅದನ್ನೂ ಕೊಡಿಸಲ್ಲ."

ಒತೆಗೆನ್ ಕಿಟಕಿಯ ಕಡೆ ನೋಡಿದ. ಕುದುರೆ ಹೊಸ ಹಗ್ಗವನ್ನು ಕಚ್ಚುತ್ತಾ ನಿಂತಿತ್ತು. ನಾನು ಮನಸ್ಸಿನಲ್ಲೇ ಅಲ್ಲಾಹನನ್ನು ಬೇಡಿಕೊಂಡೆ, ಇವನ ನಾಲಿಗೆ ಈಗ ಬಿದ್ದು ಹೋಗಲಿ ಅಂತ. ನಾಲಿಗೆ ಬೀಳಲಿಲ್ಲ.

"ಕೊಟ್ಟೆ" ಎಂದ. ಆಮೇಲೆ, "ಮಾಂಸ ಆರ್ತಿದೆ, ತಿನ್ನಿ ಎಲ್ಲ" ಎಂದ.

ತಿಂದೆವು. ಅದೇ ನನಗೆ ಇವತ್ತಿಗೂ ನಾಚಿಕೆ. ಎದ್ದು ಹೋಗಬೇಕಿತ್ತು, ಯಾರೂ ಹೋಗಲಿಲ್ಲ. ಆ ಮನೆಯ ಊಟ ಬಿಟ್ಟು ಏಳುವುದು ನಮಗೆ ಯಾರಿಗೂ ಬರಲಿಲ್ಲ.

ಮಾರನೆಯ ದಿನ ಬೆಳಗ್ಗೆ ಹಾಲು ಕೊಡಲು ಹೋದವಳು ಜಗಳ ತೆಗೆದೆ. "ನಿನ್ನ ಮನಸ್ಸಲ್ಲಿ ಇದ್ದದ್ದು ಕುದುರೆ ತಾನೇ? ಕುದುರೆಗೆ ಕೊಟ್ಟ ಮಾತು ಪೈಪಿಗೆ ಹೇಗೆ ಅಂಟ್ಕೊಳತ್ತೆ?"

"ಮನಸ್ಸಲ್ಲಿದ್ದದ್ದು ಯಾರಿಗೆ ಕೇಳಿಸ್ತು? ಬಾಯಲ್ಲಿ ಬಂದದ್ದು ಊರಿಗೇ ಕೇಳಿಸ್ತು."

"ಆ ಪೈಪು ನಿಂದೊಬ್ಬಂದಾ, ಅವನಿಗೆ ಎತ್ತಿ ಕೊಡೋಕೆ?"

"ಪೈಪು ಕೇಳ್ಲಿಲ್ಲ ಕಣೇ ಅವನು. ನನ್ನ ಮಾತು ಕೇಳ್ದ. ಮಾತು ನಂದೇ."

ಏನು ಹೇಳುತ್ತೀರಿ ಇಂಥವನಿಗೆ? ಗೋಡೆಗೆ ತಲೆ ಚಚ್ಚಿಕೊಳ್ಳಬೇಕು.

ಆದರೆ ಸುಮ್ಮನೆ ಕೂರಲಿಲ್ಲ ಅವನು. ಅಳಿಯ ಕೇಳಿದ್ದಕ್ಕೆ ಇಲ್ಲ ಅನ್ನದೆಯೇ ಪೈಪು ಉಳಿಸುವ ದಾರಿ ಹುಡುಕಿದ. ಹಳೆಯ ಕಾಲದ ಪದಕಗಳನ್ನು ಕೋಟಿಗೆ ಸಿಕ್ಕಿಸಿಕೊಂಡು, ಸಾಬಿರ್‌ನ ಟ್ರ್ಯಾಕ್ಟರ್ ಹತ್ತಿ ಹೆದ್ದಾರಿಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಕುಲ್ಸಾರಿ ಪಟ್ಟಣದ ಕಂಪನಿ ಆಫೀಸಿಗೆ ಹೋದ. ಅವರು ಅತಿರಾವ್ ನಗರದವರನ್ನು ಕೇಳಿ ಎಂದರು. ಅತಿರಾವ್‌ನವರು ಇದು ನಮ್ಮ ಕೈಯಲ್ಲಿಲ್ಲ, ಅಲ್ಮಾತಿಯ ದೊಡ್ಡ ಆಫೀಸಿನಲ್ಲಿ ಕೇಳಬೇಕು ಎಂದರು. ಅಲ್ಮಾತಿಯಿಂದ ಫೋನಿನಲ್ಲಿ ಒಬ್ಬಳು ಹುಡುಗಿ, ಕಂಪನಿಯ ಮೇಲೆ ಇನ್ನೊಂದು ಕಂಪನಿ ಇದೆ, ಅದು ಯಾವುದೋ ದ್ವೀಪದಲ್ಲಿದೆ ಎಂದಳು. ಮಾರುವವರು ಕೊಳ್ಳುವವರ ಕಡೆ ಕೈ ತೋರಿಸಿದರು, ಕೊಳ್ಳುವವರು ನಾವಿನ್ನೂ ಕೊಂಡೇ ಇಲ್ಲವಲ್ಲ ಎಂದರು. ಹಿಂದೆ ಆ ರಷ್ಯಾದವನು ಅಂಗಳದಲ್ಲೇ ಸಿಗುತ್ತಿದ್ದ. ಒತೆಗೆನ್ ಊರಿಗೆ ವಾಪಸು ಬಂದು ಪದಕ ಬಿಚ್ಚಿಡುತ್ತಾ, "ಯಾರ ಮನೆ ಬಾಗ್ಲು ತಟ್ಟಬೇಕು ಅಂತಾನೇ ಗೊತ್ತಾಗ್ಲಿಲ್ಲ ಬಲ್ಜನ್" ಎಂದ. ಅವನ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಎಂದೂ ಕೇಳಿರಲಿಲ್ಲ.

ನನಗೆ ತಡೆಯಲಾಗಲಿಲ್ಲ. ಮಿರಾಸ್‌ಗೆ ಫೋನು ಮಾಡಿದೆ. ಬಾಯಿಗೆ ಬಂದದ್ದೆಲ್ಲ ಅಂದೆ. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ಅವನು ಹೇಳಿದ: "ಬಲ್ಜನ್ ಅತ್ತೆ, ಆವತ್ತಿಂದ ನಂಗೂ ಅನ್ನ ಸೇರ್ತಿಲ್ಲ. ಮಾವ ಒಂದೇ ಒಂದು ಮಾತು, 'ಬೇಡ ಕಣೋ' ಅನ್ಲಿ. ಕೇಳಿದ್ದನ್ನ ವಾಪಸ್ ತಗೋತೀನಿ. ಕೆಲಸ ಹೋದ್ರೆ ಹೋಗ್ಲಿ."

ಫೋನು ಎಸೆದು ಓಡಿದೆ. ಕಾಲಿಗೆ ಚಪ್ಪಲಿ ಸಹ ಹಾಕಲಿಲ್ಲ. "ಒತೆಗೆನ್! ಹುಡುಗ ವಾಪಸ್ ತಗೋತಾನಂತೆ! ನೀನು ಒಂದು ಮಾತು ಹೇಳಿದ್ರೆ ಸಾಕಂತೆ. ಫೋನ್ ಮಾಡು, ಈಗ್ಲೇ ಮಾಡು!"

ಅವನ ಕಣ್ಣು ಒಂದು ಸಲ ಹೊಳೆಯಿತು, ಸುಳ್ಳು ಯಾಕೆ ಹೇಳಲಿ. ಫೋನು ಕೈಗೆ ತೆಗೆದುಕೊಂಡ. ಹೆಸರು ಹುಡುಕಿದ. ಒತ್ತಲಿಲ್ಲ.

"ಅವನಾಗಿಯೇ ವಾಪಸ್ ತಗೋತೀನಿ ಅಂದ್ನಾ, ನಾನು ಕೇಳಿದ್ರೆ ಅಂದ್ನಾ?"

"ಅಯ್ಯೋ ದೇವರೇ, ಎರಡಕ್ಕೂ ಏನಪ್ಪಾ ವ್ಯತ್ಯಾಸ?"

"ಕೊಟ್ಟದ್ದನ್ನ ತಿರುಗಿ ಕೊಡೋ ಅಂತ ತಂಗಿ ಮಗನ ಹತ್ರ ನಾನು ಕೈ ಚಾಚ್ಲಾ? ಅದಕ್ಕಿಂತ ಇಲ್ಲ ಅಂದಿದ್ರೇ ಚೆನ್ನಾಗಿತ್ತು."

ಕಾಲಿಗೆ ಬಿದ್ದೆ. ನಿಜವಾಗಿಯೂ ಬಿದ್ದೆ, ಈ ಬಲ್ಜನ್. ಅವನು ನನ್ನನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದ. ಅಲ್ಲಿ ಮಾವ ಕರೆಯಲಿ ಎಂದು ಅಳಿಯ ಕೂತಿದ್ದ, ಇಲ್ಲಿ ಅಳಿಯನೇ ಕರೆಯಲಿ ಎಂದು ಮಾವ ಕೂತಿದ್ದ. ನಾನು ಮತ್ತೆ ಮಿರಾಸ್‌ಗೆ ಹೇಳಿದೆ, ನೀನೇ ಫೋನ್ ಮಾಡು ಅಂತ. "ಅವರೇ ಬೇಡ ಅನ್ನದೆ ನಾನಾಗೇ ಬಿಟ್ರೆ, ಹೆಂಡ್ತಿ ಮಕ್ಕಳ ಮುಖ ಹೇಗೆ ನೋಡ್ಲಿ ಅತ್ತೆ?" ಎಂದು ಅತ್ತ. ಶುಕ್ರವಾರ ಬಂದೇಬಿಟ್ಟಿತು.

ಶಾಲೆಯ ಹಜಾರದಲ್ಲಿ ಸಭೆ. ಜಿಲ್ಲೆಯ ಅಧಿಕಾರಿ, ಅಲ್ಮಾತಿಯಿಂದ ಬಂದ ಕಂಪನಿಯ ಹೆಂಗಸು, ಪಕ್ಕದಲ್ಲಿ ಮಿರಾಸ್. ಆ ಹೆಂಗಸು ಗೋಡೆಯ ಮೇಲೆ ಬಣ್ಣದ ಚಿತ್ರಗಳನ್ನು ತೋರಿಸುತ್ತಾ ರಷ್ಯನ್ ಭಾಷೆಯಲ್ಲಿ ಮಾತಾಡಿದಳು. ಅವಳದು ತಪ್ಪು ಅನ್ನಲಾರೆ, ಪಾಪ, ಅವಳಿಗೆ ನೆಗಡಿ. ಮೂಗು ಒರೆಸಿಕೊಳ್ಳುತ್ತಾ ಯಾರೋ ಬರೆದುಕೊಟ್ಟದ್ದನ್ನು ಓದಿದಳು. ಆಮೇಲೆ ಅಧಿಕಾರಿ, "ಹಿರಿಯರು ಹೇಳಲಿ" ಎಂದ.

ಒತೆಗೆನ್ ಎದ್ದ. ಟೋಪಿ ಸರಿಮಾಡಿಕೊಂಡ. ನಮ್ಮ ಯಾರ ಮುಖವನ್ನೂ ನೋಡಲಿಲ್ಲ, ಮಿರಾಸ್‌ನ ಮುಖವನ್ನೇ ನೋಡಿದ. ಹುಡುಗ ಈಗಲಾದರೂ ಬಾಯಿ ಬಿಡುತ್ತಾನೇನೋ ಎಂದು ಕಾದ ಅಂತ ನನಗನ್ನಿಸಿತು. ಮಿರಾಸ್ ಕೂಡ ಅವನನ್ನೇ ನೋಡುತ್ತಿದ್ದ, ಮುಖ ಹಿಟ್ಟಿನ ಹಾಗೆ ಬಿಳಿಚಿಕೊಂಡಿತ್ತು.

"ಆಗಲಿ" ಎಂದ ಒತೆಗೆನ್.

"ಬೇರೆ ಯಾರಾದ್ರೂ ಮಾತಾಡ್ತೀರಾ?" ಎಂದ ಅಧಿಕಾರಿ.

ನಾನು ಮಾತಾಡುವುದಿತ್ತು. ಅಷ್ಟೂ ದಿನ ಒಲೆಯ ಮುಂದೆ ನಿಂತು ಏನೇನು ಹೇಳಬೇಕೆಂದು ಉರು ಹೊಡೆದಿದ್ದೆ. ಎದ್ದೂ ನಿಂತೆ. ಎಲ್ಲರೂ ನನ್ನ ಕಡೆ ತಿರುಗಿದರು. ಈ ಊರಿನಲ್ಲಿ ದೊಡ್ಡ ಬಾಯಿ ಇದೊಂದೇ ಎಂದು ಅವರಿಗೂ ಗೊತ್ತು. ನನ್ನ ಮುಂದೆಯೇ ಒತೆಗೆನ್‌ನ ಬಾಗಿದ ಕತ್ತು ಕಾಣುತ್ತಿತ್ತು. ನಾನು ಬೇಡ ಅಂದರೆ, ಊರೆದುರು, ಹೊರಗಿನವರೆದುರು ಇವನ ಮಾತಿಗೆ ಬೆಲೆಯಿಲ್ಲ ಎಂದ ಹಾಗೆ. ಆ ಮಾತು ಕೊಟ್ಟ ಮೇಜಿನಲ್ಲಿ ನಾನೂ ತಿಂದಿದ್ದೆ.

"ಆ ಕಿಟಕಿ ಹಾಕಿ, ಚಳಿ" ಎಂದೆ. ಕೂತೆ.

ಮುಗಿಯಿತು. ಕೊನೆಗೆ ಪದ್ಧತಿಯಂತೆ ಹಿರಿಯನೇ ಹರಸಬೇಕು. ಒತೆಗೆನ್ ಅಂಗೈ ತೆರೆದು ಎಲ್ಲರ ಒಲೆ ಉರಿಯುತ್ತಿರಲಿ ಎಂದು ಹರಸಿದ. ನಾವೆಲ್ಲರೂ ಅಂಗೈ ಎತ್ತಿ ಆಮೀನ್ ಎಂದೆವು, ಮುಖ ಸವರಿಕೊಂಡೆವು. ಬೇರೇನು ಮಾಡಬೇಕೆಂದು ನಿಜಕ್ಕೂ ಯಾರಿಗೂ ತಿಳಿಯಲಿಲ್ಲ.

ಪೈಪು ಮುಚ್ಚಲು ಪಟ್ಟಣದಿಂದ ಹುಡುಗರು ಬಂದರು. ನಾನು ಹಾಲು ಕಾಯಿಸುತ್ತಿದ್ದೆ. ಉರಿ ಗಿಡ್ಡವಾಯಿತು, ಪುಸುಕ್ ಎಂದಿತು, ಹೋಯಿತು. ಹಾಲು ಅರ್ಧ ಬೆಚ್ಚಗಿತ್ತು. ಆ ಅರ್ಧ ಬೆಚ್ಚಗಿನ ಪಾತ್ರೆಯನ್ನು ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ. ಕಲ್ಲಿದ್ದಲು ಬಂತು, ಮಿರಾಸ್ ಹೇಳಿದ ಹಾಗೇ ಮನೆಮನೆಗೂ ಬಂತು. ಅರ್ಧಕ್ಕರ್ಧ ಪುಡಿ. ಹೊಗೆಗೆ ಮಕ್ಕಳು ಕೆಮ್ಮತೊಡಗಿದವು, ಶಾಲೆಯ ಮೇಷ್ಟ್ರು ಕೋಟು ಕೈಗವಸು ಹಾಕಿಕೊಂಡೇ ಪಾಠ ಮಾಡಿದರು, ಆಮೇಲೆ ಅವರೂ ಹೋದರು. ಸಾಬಿರ್ ತನ್ನ ಮನೆಯ ಸಾಮಾನನ್ನು ತನ್ನದೇ ಟ್ರ್ಯಾಕ್ಟರಿಗೆ ಹೇರಿಕೊಂಡು ಕುಲ್ಸಾರಿಗೆ ಹೊರಟ. ನಾನು ಬಾಗಿಲಲ್ಲಿ ನಿಂತಿದ್ದೆ. ಅವನು ಏನಾದರೂ ತಮಾಷೆ ಮಾಡುತ್ತಾನೆಂದು ಕಾದೆ. ಅವನೂ ಮಾಡಲಿಲ್ಲ.

ಇನ್ನೊಂದು ಕೇಳಿ, ಇದು ಹೊಟ್ಟೆ ಉರಿಸುವ ಮಾತು. ಬಾವಿ ಕೊಂಡವರು ಗ್ಯಾಸು ಮಾರುತ್ತೇವೆ ಎಂದಿದ್ದರು. ಅದಕ್ಕೆ ಬೇಕಾದ ಯಂತ್ರ ತರಲೇ ಇಲ್ಲ. ಬೆಲೆ ಇನ್ನೂ ಬಿತ್ತಂತೆ. ನಮ್ಮ ಒಲೆಗಳಿಗೆ ಬರುತ್ತಿದ್ದದ್ದೂ ಸೇರಿ ಎಲ್ಲವನ್ನೂ ಆ ಎತ್ತರದ ಕೊಳವೆಗೇ ಬಿಟ್ಟು ಹಚ್ಚಿದರು. ಬೆಂಕಿ ಮೊದಲಿಗಿಂತ ದಪ್ಪವಾಯಿತು. ನಾವು ಹೊದಿಕೆ ಸುತ್ತಿಕೊಂಡು ಕಿಟಕಿಯಲ್ಲಿ ಕೂತು ನಮ್ಮ ಗ್ಯಾಸು ಉರಿಯುವುದನ್ನು ನೋಡುತ್ತಿದ್ದೆವು. ಊರಿನಲ್ಲಿ ಉಳಿದವರು ಯಾರೂ ಒತೆಗೆನ್‌ಗೆ ಒಂದು ಮಾತು ಅನ್ನಲಿಲ್ಲ. ಎಲ್ಲರೂ ಮೊದಲಿಗಿಂತ ಹೆಚ್ಚು ಮರ್ಯಾದೆಯಿಂದ ಸಲಾಂ ಹೇಳುತ್ತಿದ್ದರು. ಅದು ಅವನನ್ನು ಒಳಗೊಳಗೇ ತಿಂದುಹಾಕಿತು. ಊಟಕ್ಕೆ ಕೂತರೆ ಎರಡು ತುತ್ತು, ಅಷ್ಟೇ.

ಜನವರಿಯಲ್ಲಿ ಒಂದು ಮಧ್ಯಾಹ್ನ, ಹೆದ್ದಾರಿಯಿಂದ ಯಾರೋ ಹಿಮ ತುಳಿದುಕೊಂಡು ನಡೆದು ಬರುವುದು ಕಂಡಿತು. ತೆಳ್ಳನೆಯ ಬೂಟು. ಮಿರಾಸ್! ಜೀಪಿಲ್ಲ, ಕೊರಳಲ್ಲಿ ಬಿಲ್ಲೆಯಿಲ್ಲ. ಹೊಸ ಯಜಮಾನರು ತಮ್ಮ ಜನರನ್ನೇ ಕರೆತಂದು, ಇವನನ್ನು ವರ್ಷದ ಮೊದಲ ದಿನವೇ ಮನೆಗೆ ಕಳಿಸಿದ್ದರು. ಬಾಲವಿಲ್ಲದ ಆಸ್ತಿಗೆ ಜನರ ಜೊತೆ ಮಾತಾಡುವವನು ಯಾಕೆ?

ನಾನು ಒತೆಗೆನ್‌ನ ಒಲೆಗೆ ಕಲ್ಲಿದ್ದಲು ಹಾಕುತ್ತಿದ್ದೆ. ಮಿರಾಸ್ ಒಳಗೆ ಕಾಲಿಟ್ಟದ್ದೇ ಕೈಯಲ್ಲಿದ್ದ ಸಲಿಕೆ ಎತ್ತಿದೆ. "ಬಂದ್ಯಾ! ಇನ್ನೇನು ಉಳಿದಿದೆಯೋ ಕೇಳೋಕೆ? ಸೂರು ಒಂದು ಇದೆ, ಕಿತ್ಕೊಂಡು ಹೋಗು. ಈ ಸಲಿಕೆ ಬೇಕಾ? ತಗೋ!"

ಅವನು ಎಲ್ಲವನ್ನೂ ಕೇಳಿಸಿಕೊಂಡ. ಆಮೇಲೆ ಒತೆಗೆನ್‌ನ ಮುಂದೆ ಹೋಗಿ ಮಂಡಿಯೂರಿದ.

"ಹೌದು ಮಾವ, ಕೇಳೋಕೇ ಬಂದೆ."

"ಕೇಳು" ಎಂದ ಒತೆಗೆನ್. ಆಹಾ, ಇನ್ನೂ ಕೇಳು ಅನ್ನುತ್ತಾನೆ! ನಾನು ಸಲಿಕೆ ಬಿಸಾಕಿದೆ.

"ಹೊಡಿ ನನ್ನ. ಒಂದು ಏಟು ಹೊಡಿ. ಬರೋವಾಗ ಕುಲ್ಸಾರೀಲಿ ಸಾಬಿರಣ್ಣ ಸಿಕ್ಕಿದ್ದ, ಅವನೂ ಚೆನ್ನಾಗಿದೀಯಾ ಅಂದ. ಯಾರೂ ಏನೂ ಅನ್ತಿಲ್ಲ ಮಾವ. ನನ್ ಕೈಲಿ ಆಗ್ತಿಲ್ಲ. ನೀನಾದ್ರೂ ಹೊಡಿ, ಬೈಯಿ, ಹಾಳಾಗ್ಹೋಗು ಅನ್ನು."

ನಮ್ಮಲ್ಲಿ ತಂಗಿಯ ಮಗನ ಮೇಲೆ ಕೈ ಮಾಡುವುದಿಲ್ಲ. ಮಾಡಿದ ಕೈ ಸಾಯುವತನಕ ನಡುಗುತ್ತದೆ ಎನ್ನುತ್ತಾರೆ. ಒತೆಗೆನ್ ತನ್ನ ಬಲಗೈಯನ್ನು ಮಡಿಲಿಂದ ಎತ್ತಿದ. ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಹೊಡೆದುಬಿಡು, ಒಂದು ಸಲ ಹೊಡೆದುಬಿಡು, ಇಬ್ಬರಿಗೂ ಹಗುರವಾಗುತ್ತದೆ ಎಂದು ನಾನು ಹಲ್ಲು ಕಚ್ಚಿ ನಿಂತಿದ್ದೆ. ನಾನೇ ಹೊಡೆಯೋಣವೆಂದರೆ ಈ ಹುಡುಗನಿಗೆ ಹೊಡೆದು ಏನು ಬಂತು? ಹೊಡೆಯಬೇಕಾದವರು ಯಾವ ದೇಶದಲ್ಲಿ, ಯಾವ ದ್ವೀಪದಲ್ಲಿ ಇದ್ದಾರೋ, ಅವರ ಮುಖ ಹೇಗಿದೆಯೋ, ನನಗೆ ತಿಳಿಯದು.

ಕೈ ಇಳಿಯಿತು. ಹುಡುಗನ ತಲೆಯ ಮೇಲಿದ್ದ ಹಿಮ ಒರೆಸಿತು.

"ಅದೊಂದು ನನ್ನ ಹತ್ರ ಇಲ್ಲ ಕಣೋ" ಎಂದ.

ಸೋದರಳಿಯ ಕೇಳಿದ್ದಕ್ಕೆ ಒತೆಗೆನ್ ಇಲ್ಲ ಎಂದದ್ದು ಅದೊಂದೇ ಸಲ.